ನಾನು ತಿರುಚಿ ಓದಿದ ಏಳು ಪದಗಳು

ಆ ಪತ್ರದಲ್ಲಿ ಇದ್ದದ್ದು ಹೊಗಳಿಕೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಬರೀ ಹೊಗಳಿಕೆ. ನಾನು ಅದನ್ನು ನಿಂದೆ ಎಂದು ಓದಿ ಹೇಳಿದೆ. ಬಾಯಿತಪ್ಪಿ ಹೇಳಿದ್ದಲ್ಲ — ಬೇಕೆಂದೇ, ನಿಧಾನವಾಗಿ, ಒಂದೊಂದು ಪದದ ಕೆಳಗೂ ಬೆರಳಿಟ್ಟು, ಎದುರಿಗೆ ಕುಳಿತವಳ ಮುಖ ಕಂದುವುದನ್ನು ನೋಡುತ್ತ ಹೇಳಿದೆ. ಆ ಮುಖ ಕಂದಿದ ಹಾಗೆಲ್ಲ ನನಗೆ ಒಳಗೆ ಹಿತವಾಗುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಗೆ ಇಟ್ಟುಕೊಂಡರೆ, ನಡುವೆ ಎಲ್ಲಿಯಾದರೂ ನನ್ನನ್ನು ನಾನೇ ಬಚಾವು ಮಾಡಿಕೊಳ್ಳುವ ದಾರಿ ಹುಡುಕಿಯೇನು ಎಂಬ ಭಯ ನನಗಿದೆ.

ಎದುರಿಗೆ ಕುಳಿತಿದ್ದವಳು ಕಸ್ತೂರಿ, ನನ್ನ ಅಣ್ಣನ ಹೆಂಡತಿ. ನಮ್ಮ ಕಡೆಯ ರೂಢಿಯಂತೆ ನಾನು ಅವಳನ್ನು ವೈನಿ ಎಂದು ಕರೆಯುತ್ತಿದ್ದೆ. ನನ್ನ ಹೆಸರು ಸರೋಜಾ. ಅವಳ ಬಾಯಲ್ಲಿ ನಾನು ಸರೂ. ಇಪ್ಪತ್ತೊಂದು ವರ್ಷದ ಹಿಂದಿನ ಮಾತು. ರಾಯಬಾಗ ತಾಲೂಕಿನ ಅಲಖನೂರಿನಲ್ಲಿ ನಮ್ಮ ಮನೆ. ಅಣ್ಣ ಕಬ್ಬಿನ ಟ್ರ್ಯಾಕ್ಟರಿನಿಂದ ಬಿದ್ದು ತೀರಿಕೊಂಡು ಆರು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ತವರಿಗೆ ಹೋಗು ಎಂದು ಎಲ್ಲರೂ ಹೇಳಿದರೂ ವೈನಿ ಹೋಗಲಿಲ್ಲ. ಪಾರ್ಶ್ವವಾಯು ಹೊಡೆದು ಮಲಗಿದ್ದ ನಮ್ಮ ಅವ್ವನ ಕೈ ಹಿಡಿದುಕೊಂಡು, "ಇಕಿನ್ನ ಬಿಟ್ಟು ಎಲ್ಲಿ ಹೋಗ್ಲಿ?" ಎಂದಳು. ಅಷ್ಟೇ.

ಮನೆಯಲ್ಲಿ ಕುಳಿತು ಸಾಯಬಾರದೆಂದು ರಾಯಬಾಗದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದಳು. ಮೊದಲು ನೆಲ ಒರೆಸುವ ಕೆಲಸ. ಏಳನೇ ಇಯತ್ತೆ ಓದಿದವಳಿಗೆ ಇನ್ನೇನು ಕೊಡುತ್ತಾರೆ? ಆದರೆ ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರಬಾಯಿ ಅವಳ ಕೈಯಲ್ಲಿ ಏನೋ ಕಂಡರು. ವಯಸ್ಸಾದ ಹೆಂಗಸು, ಮರಾಠಿ ಮನೆಮಾತಿನವರು, ಮುಂಬೈಯಲ್ಲಿ ಹಳೇ ಕಾಲದಲ್ಲಿ ಓದಿದವರು. ಬಾಯಿ ಬಹಳ ಕೆಟ್ಟದ್ದು. "ಏ ವೇಡೇ, ಹುಚ್ಚೀ, ತಲಿ ಎಲ್ಲಿಟ್ಟಿ?" ಎಂದು ಹೆರಿಗೆ ಕೋಣೆಯಲ್ಲಿ ಎಲ್ಲರೆದುರು ವೈನಿಯನ್ನು ಬೈಯುತ್ತಿದ್ದರು. ಬೈಯುತ್ತಲೇ ಎಲ್ಲವನ್ನೂ ಕಲಿಸಿದರು. ನಾಲ್ಕು ವರ್ಷದಲ್ಲಿ ವೈನಿ ಹೆರಿಗೆಯಲ್ಲಿ ಅವರ ಬಲಗೈ ಆದಳು. ಹುಟ್ಟಿ ಅಳದ ಕೂಸುಗಳನ್ನು ಅಳಿಸುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಊರು ಹೇಳುತ್ತಿತ್ತು, ಡಾಕ್ಟರಬಾಯಿ ಮಾತ್ರ ಒಮ್ಮೆಯೂ ಹೇಳಲಿಲ್ಲ.

ನಾನು ಆಗ ರಾಯಬಾಗದ ಒಂದು ಖಾಸಗಿ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಹಗಲು ಅವ್ವನನ್ನು ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ಬೆಳಿಗ್ಗೆ ಇಬ್ಬರೂ ಒಂದೇ ಬಸ್ಸು. ವೈನಿ ಕೇಸ್‌ಪೇಪರಿನಲ್ಲಿ ಕಂಡ ಪದಗಳನ್ನು ಅಂಗೈ ಮೇಲೆ ಪೆನ್ನಿನಿಂದ ಅಕ್ಷರ ಅಕ್ಷರವಾಗಿ ಬರೆದುಕೊಂಡು ಬರುತ್ತಿದ್ದಳು. ಬಸ್ಸಿನಲ್ಲಿ ಅಂಗೈ ಬಿಚ್ಚುತ್ತಿದ್ದಳು.

"ಸರೂ, ಇದೇನ ನೋಡ. ಇರ್ರೆಗ್ಯುಲರ್."

"ರೆಗ್ಯುಲರ್ ಅಂದ್ರ ಸರಿಯಾಗಿ ನಡಿಯೂದು ವೈನಿ. ಮುಂದ 'ಇರ್' ಕುಂತೈತಿ. ಅಂದ್ರ ಸರಿಯಾಗಿ ನಡಿವಲ್ದು."

ಹಾಗೆ ಒಂದೊಂದೇ ಕಲಿಸಿದೆ. ಇನ್, ಇಮ್, ಇರ್, ಅನ್, ಡಿಸ್ — ಇವು ಪದದ ಮುಂದೆ ಬಂದು ಕುಳಿತರೆ ಅರ್ಥ ತಿರುವುಮುರುವು. ಕಾನ್ಶಿಯಸ್ ಎಂದರೆ ಎಚ್ಚರ, ಅನ್‌ಕಾನ್ಶಿಯಸ್ ಎಂದರೆ ಎಚ್ಚರ ತಪ್ಪಿದೆ. ಸಫಿಶಿಯಂಟ್ ಎಂದರೆ ಸಾಕಷ್ಟು, ಇನ್‌ಸಫಿಶಿಯಂಟ್ ಎಂದರೆ ಸಾಲದು. ಆಸ್ಪತ್ರೆಯ ಕಾಗದದಲ್ಲಿ ಇಂಥ ಪದ ಬಂತೆಂದರೆ ಅದು ಕೆಟ್ಟ ಸುದ್ದಿಯೇ. ವೈನಿ ಅದನ್ನು ಹಾಗೇ ಮನಸ್ಸಿನಲ್ಲಿ ಇಟ್ಟುಕೊಂಡಳು. "ಮುಂದ ಇವು ಕಂಡ್ರ ನಂಗ ಹೆದರಿಕಿ ಆಗತೈತಿ ಸರೂ" ಎಂದು ನಗುತ್ತಿದ್ದಳು. ಯಾವಾಗಲೂ ಹಾಗಲ್ಲ, ಕೆಲವು ಸಲ ಇವೇ ಅಕ್ಷರಗಳು ಪದವನ್ನು ಎತ್ತಿ ಮೇಲೆ ಕೂರಿಸುತ್ತವೆ ಎಂದು ನಾನು ಹೇಳಲಿಲ್ಲ. ಆಗ ಹೇಳುವ ಪ್ರಸಂಗ ಬರಲಿಲ್ಲ. ಪ್ರಸಂಗ ಬಂದಾಗ —

ಅದಕ್ಕೆ ಮುಂಚೆ ಇನ್ನೊಂದು ಹೇಳಬೇಕು. ಆ ವರ್ಷ ಅಥಣಿಯಿಂದ ನನ್ನನ್ನು ನೋಡಲು ಗಂಡಿನವರು ಬಂದಿದ್ದರು. ನನಗೆ ಇಪ್ಪತ್ತೇಳು. ಬಿ.ಎ., ಬಿ.ಎಡ್. ಹಿಂದೆ ಮೂರು ಕಡೆಯವರು ನೋಡಿ ಹೋಗಿದ್ದರು. ನಾನು ಅವಲಕ್ಕಿ ತಟ್ಟೆ ಹಿಡಿದು ಹೊರಗೆ ಬಂದೆ. ಗಂಡಿನ ತಾಯಿ ನನ್ನ ಮುಖ ನೋಡುವ ಮೊದಲು ಬಾಗಿಲಲ್ಲಿ ನಿಂತಿದ್ದ ವೈನಿಯನ್ನು ನೋಡಿಬಿಟ್ಟರು.

"ಅಯ್ಯ ಕಸ್ತೂರವ್ವಾ! ನೀ ಈ ಮನಿ ಸೊಸೀನ? ನನ್ನ ಮಗಳ ಕೂಸಿನ್ನ ಉಳಿಸಿದಾಕಿ ನೀನಽ ಅಲ್ಲೇನವಾ!"

ಅಲ್ಲಿಂದ ಎರಡು ತಾಸು ಆ ಕೂಸಿನ ಮಾತೇ. ವೈನಿಯ ಕೈ ಹಿಡಿದು ಅತ್ತರು, ಅವಳಿಗೆ ತಮ್ಮ ಪಕ್ಕದಲ್ಲಿ ಜಾಗ ಕೊಟ್ಟರು. ವೈನಿ ಪಾಪ, "ನಮ್ಮ ಸರೂ ಭಾಳ ಶಾಣ್ಯಾಕಿ ಅದಾಳ್ರಿ, ಇಂಗ್ಲೀಷ್ ನೀರ ಕುಡದಂಗ ಮಾತಾಡತಾಳ್ರಿ" ಎಂದು ಮತ್ತೆ ಮತ್ತೆ ನನ್ನ ಕಡೆ ಮಾತು ತಿರುಗಿಸಲು ನೋಡಿದಳು. ಯಾರೂ ತಿರುಗಲಿಲ್ಲ. ಹೋಗುವಾಗ ಆ ತಾಯಿ ನನ್ನ ಹೆಸರನ್ನೇ ತಪ್ಪು ಹೇಳಿದರು. ಸಂಬಂಧ ಕೂಡಿಬರಲಿಲ್ಲ.

ಅಂದಿನಿಂದ ವೈನಿ ನನಗೆ ಕಣ್ಣಿನ ಕಸವಾದಳು. ನಾನು ಓದಿದ ಇಷ್ಟೆಲ್ಲ ಓದು, ಊರಿನಲ್ಲಿ ಯಾರಿಗೂ ಬೇಡ. ನೆಲ ಒರೆಸಲು ಹೋದವಳಿಗೆ ಬಸ್ಸಿನಲ್ಲಿ ಎದ್ದು ಜಾಗ ಬಿಡುತ್ತಾರೆ. ನಾನು ನಿಂತೇ ಇರುತ್ತೇನೆ.

ಸ್ವಲ್ಪ ದಿನಕ್ಕೆ ಡಾಕ್ಟರಬಾಯಿಗೆ ಕಣ್ಣು ಮಂಜಾಗತೊಡಗಿ, ಆಸ್ಪತ್ರೆ ಮುಚ್ಚಿ ಪುಣೆಯಲ್ಲಿರುವ ತಂಗಿಯ ಮಗಳ ಮನೆಗೆ ಹೊರಟರು. ಹೊರಡುವ ವಾರದಲ್ಲಿ ವೈನಿಗೆ ಒಂದು ಲಕೋಟೆ ಕೊಟ್ಟು, ಮಿರಜದ ದೊಡ್ಡ ಆಸ್ಪತ್ರೆಯಲ್ಲಿ ತಮ್ಮ ಪರಿಚಯದವರಿಗೆ ಒಯ್ದು ಕೊಡು ಎಂದರು. ಅಲ್ಲಿ ಕೆಲಸ, ಇರಲು ಕೋಣೆ, ಜೊತೆಗೆ ನರ್ಸಿಂಗಿನ ತರಬೇತಿ. ಪತ್ರದಲ್ಲಿ ಏನಿದೆ ಎಂದು ಹೇಳಲಿಲ್ಲ. ಆ ಹೆಂಗಸು ಹೊಗಳಿಕೆಯನ್ನು ಬಾಯಿಂದ ಹೇಳುವವರಲ್ಲ, ಕಾಗದದ ಮೇಲೆ ಇಂಗ್ಲಿಷಿನಲ್ಲಿ ಮಾತ್ರ ಬರೆಯಬಲ್ಲವರು.

ರವಿವಾರ ಮಧ್ಯಾಹ್ನ. ಅಡುಗೆಮನೆಯಲ್ಲಿ ವೈನಿ ಒಲೆಯ ಮೇಲೆ ಚಹಾ ಇಟ್ಟು ನನ್ನೆದುರು ಕುಳಿತಳು. ಲಕೋಟೆ ಅಂಟಿಸಿರಲಿಲ್ಲ.

"ಸರೂ, ಇದನ್ನಷ್ಟ ಓದಿ ಹೇಳ. ನಿನ್ನೆ ಬಸ್ಸಿನ್ಯಾಗ ತಗದ ನೋಡಿದೆ. ಎದಿ ಧಸಕ್ ಅಂತು."

"ಯಾಕ?"

"ಇನ್, ಅನ್, ಡಿಸ್ — ನೀ ಹೇಳಿಕೊಟ್ಟಿದ್ದೆಲ್ಲಾ, ಅವು. ಎಣಿಸಿದೆ. ಏಳು ಅದಾವ. ಬಾಯಾರು ನನ್ನ ಮ್ಯಾಲ ಅಷ್ಟ ಸಿಟ್ಟ ಆಗ್ಯಾರೇನ?"

ನಾನು ಓದಿದೆ. ಒಂದೇ ಪುಟ, ಓರೆಯಾದ ಹಳೇ ಕಾಲದ ಕೈಬರಹ. ಇವಳ ಸೇವೆ ಇನ್‌ವ್ಯಾಲ್ಯುಯಬಲ್. ಹೆರಿಗೆ ಕೋಣೆಯಲ್ಲಿ ಇವಳು ಇನ್‌ಡಿಸ್ಪೆನ್ಸಬಲ್. ಕೆಲಸದಲ್ಲಿ ಇನ್‌ಡಿಫ್ಯಾಟಿಗಬಲ್. ಬಡವರ ಆರೈಕೆಯಲ್ಲಿ ಡಿಸ್‌ಇಂಟರೆಸ್ಟೆಡ್. ಪ್ರಾಮಾಣಿಕತೆ ಅನ್‌ಇಂಪೀಚಬಲ್. ನನಗೆ ಇವಳು ಇರ್‌ರಿಪ್ಲೇಸಬಲ್. ಇವಳನ್ನು ಅನ್‌ಹೆಸಿಟೇಟಿಂಗ್ಲಿ ಶಿಫಾರಸು ಮಾಡುತ್ತೇನೆ.

ನನ್ನ ಬಗ್ಗೆ ಯಾರೂ ಇಂಥ ಒಂದು ಸಾಲು ಬರೆದಿರಲಿಲ್ಲ. ಒಂದೇ ಒಂದು. ಮಿರಜಕ್ಕೆ ಇವಳು ಹೋಗುತ್ತಾಳೆ, ನರ್ಸ್ ಆಗುತ್ತಾಳೆ — ನಾನು ಈ ಒಲೆಯ ಮುಂದೆ, ಮಲಗಿದ ಅವ್ವನ ಬಟ್ಟೆ ಬದಲಿಸುತ್ತ... ಆ ಹೊಟ್ಟೆಕಿಚ್ಚು, ಈ ಭಯ — ಇವೆರಡರಲ್ಲಿ ಯಾವುದು ನನ್ನ ಬಾಯಿಂದ ಆ ಮಾತು ಆಡಿಸಿತು ಎಂದು ಎಷ್ಟೋ ವರ್ಷ ಹುಡುಕಿದ್ದೇನೆ. ಈಗ ಹುಡುಕುವುದಿಲ್ಲ. ಕಾರಣ ಹುಡುಕುತ್ತ ಕುಳಿತರೆ ಸಿಗುವುದು ನೆಪ ಮಾತ್ರ.

"ವೈನಿ, ನೀ ಮನಸ್ಸಿಗೆ ಹಚ್ಚಗೋಬ್ಯಾಡ" ಎಂದೆ. ಸಮಾಧಾನದ ದನಿಯಲ್ಲೇ ಶುರುಮಾಡಿದೆ. ಮೊದಲ ಪದದ ಕೆಳಗೆ ಬೆರಳಿಟ್ಟೆ. "ವ್ಯಾಲ್ಯೂ ಅಂದ್ರ ಬೆಲಿ. ಮುಂದ ಏನೈತಿ?"

"ಇನ್."

"ಅಂದ್ರ?"

"ಬೆಲಿ..." ಅವಳು ನನ್ನ ಬೆರಳನ್ನೇ ನೋಡಿದಳು. "ಬೆಲಿ ಇಲ್ಲ."

ನಾನು ಹೇಳಲಿಲ್ಲ, ಅವಳ ಬಾಯಿಂದಲೇ ಹೇಳಿಸಿದೆ. ತರಗತಿಯಲ್ಲಿ ಮಕ್ಕಳಿಂದ ಉತ್ತರ ತೆಗೆಸುವ ಹಾಗೆ. ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು ಎಂದು ತಿದ್ದಲು ಬೇಕಾದದ್ದು ಒಂದೇ ಒಂದು ಮಾತು. ನಮ್ಮ ಕನ್ನಡದಲ್ಲೇ ಅಮೂಲ್ಯ ಎನ್ನುತ್ತೇವಲ್ಲ. ಮೂಲ್ಯದ ಮುಂದೆ ಅಕಾರ ಕೂತು ಮೂಲ್ಯವನ್ನು ಇಲ್ಲವಾಗಿಸುವುದಿಲ್ಲ, ಮುಗಿಲಿಗೇರಿಸುತ್ತದೆ. ಏಳನೇ ಇಯತ್ತೆಯ ವೈನಿಗೂ ಆ ಪದ ಗೊತ್ತಿತ್ತು. ನೆನಪಿಸಿದ್ದರೆ ಅವಳೇ ಹಿಡಿದುಬಿಡುತ್ತಿದ್ದಳು. ನಾನು ಬೆರಳನ್ನು ಮುಂದಿನ ಪದಕ್ಕೆ ಸರಿಸಿದೆ.

"ಡಿಸ್ಪೆನ್ಸರಿ ಗೊತ್ತಲ್ಲ ನಿನಗ? ಔಷಧ ಕೊಡೂ ಜಾಗಾ. ಇನ್‌ಡಿಸ್ಪೆನ್ಸಬಲ್ — ಔಷಧದ ಹಂತ್ಯಾಕ ಬಿಡಬಾರದಾಕಿ ಅಂತ."

ಮೂರನೆಯದಕ್ಕೆ ಅರ್ಥವನ್ನೇ ಬದಲಿಸಲಿಲ್ಲ, ದನಿ ಮಾತ್ರ ಬದಲಿಸಿದೆ. "ದಣಿಯೂದಽ ಇಲ್ಲಂತ ಬರದಾರ. ಮೈ ಬಗ್ಗಿಸಿ ದುಡದ್ರ ಅಲ್ಲಾ ದಣಿಯೂದು?" ನಾಲ್ಕನೆಯದಕ್ಕೆ, ಬಡವರು ಬಂದರೆ ಆಸಕ್ತಿ ಇಲ್ಲ ಎಂದೆ. ಇದೊಂದು ಮಾತ್ರ ನನಗೂ ಆಗ ಗೊತ್ತಿರಲಿಲ್ಲ. ಸ್ವಾರ್ಥವಿಲ್ಲದೆ ಎಂದು ಅದರ ಅರ್ಥ ಎಂಬುದನ್ನು ಮರುದಿನ ನಿಘಂಟಿನಲ್ಲಿ ನೋಡಿ ತಿಳಿದೆ. ತಿಳಿದ ಮೇಲೂ ಬಂದು ಹೇಳಲಿಲ್ಲ.

ಐದನೆಯದಕ್ಕೆ ಬಂದಾಗ ನಾನು ಸುಮ್ಮನಾದೆ. ಅದೇ ಎಲ್ಲಕ್ಕಿಂತ ದೊಡ್ಡ ಕ್ರೌರ್ಯ.

"ಆನೆಸ್ಟಿ ಅಂದ್ರ ಪ್ರಾಮಾಣಿಕತನಾ, ಅಲ್ಲ?" ಅವಳೇ ಕೇಳಿದಳು. ಆ ಪದ ಆಸ್ಪತ್ರೆಯ ಗೋಡೆಯ ಹಲಗೆಯಲ್ಲಿತ್ತು, ಅವಳಿಗೆ ಗೊತ್ತಿತ್ತು. "ಅದರ ಬಾಜೂಕ 'ಅನ್' ಐತಿ. ನಾ ಕಳ್ಳಿ ಅಂತೇನ ಸರೂ?"

ಪತ್ರವನ್ನು ಮಡಿಚಿದೆ.

"ಒಂದ ಹತ್ತಿ ಉಂಡಿ ಸೈತ ಮನಿಗೆ ತಂದಿಲ್ಲ ನಾ..." ಆಮೇಲೆ ಮಡಿಚಿದ ಕಾಗದವನ್ನು ನೋಡುತ್ತ ಕೇಳಿದಳು, "ಇದನ್ನ ಮಿರಜಕ್ಕ ಒಯ್ದು ಕೊಟ್ರ?"

"ಕೊಡಬ್ಯಾಡ ವೈನಿ. ನಿನ್ನ ಮಾನ ಹೋಗೂದು ನಂಗ ನೋಡಾಕ ಆಗೂದಿಲ್ಲ."

ಅವಳು ನನ್ನ ಕೈಯಿಂದ ಪತ್ರ ತೆಗೆದುಕೊಂಡು ಒಲೆಗೆ ಇಟ್ಟಳು. ಚಹಾ ಉಕ್ಕಿ ಚೆಲ್ಲುತ್ತಿತ್ತು. ಅದನ್ನು ಇಳಿಸುವುದು ಇಬ್ಬರಿಗೂ ತೋಚಲಿಲ್ಲ.

ಮರುದಿನದಿಂದ ಅವಳು ಆಸ್ಪತ್ರೆಗೆ ಹೋಗಲಿಲ್ಲ. ಮೂರು ದಿನ ಬಿಟ್ಟು ಅಲ್ಲಿಯ ಕಂಪೌಂಡರ್ ರಾಯಬಾಗದ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡು ಓಡಿ ಬಂದರು. "ಟೀಚರ್, ಬಾಯಾರು ನಾಳೆ ಹೊಂಟಾರ್ರಿ. ಕಸ್ತೂರವ್ವನ ನೋಡದಽ ಹೋಗೂದಿಲ್ಲ ಅಂತ ಕುಂತಾರ. ಒಮ್ಮೆ ಕಳಸ್ರಿ." ಆಗಲಿ ಎಂದೆ. ಮನೆಗೆ ಬಂದು ಹೇಳಲಿಲ್ಲ. ಮರುದಿನ ಕಂಪೌಂಡರಿಗೆ ನಾನೇ ಹೇಳಿ ಕಳಿಸಿದೆ, ಅವಳಿಗೆ ಬರಲು ಮನಸ್ಸಿಲ್ಲವಂತೆ ಎಂದು. ಡಾಕ್ಟರಬಾಯಿ ಹೋದರು. ಅವರ ಗಾಡಿ ನಮ್ಮ ಶಾಲೆಯ ಮುಂದಿನ ರಸ್ತೆಯಲ್ಲೇ ಹೋಯಿತು. ನಾನು ಕಿಟಕಿಯಿಂದ ನೋಡಿದೆ.

ಇಷ್ಟಕ್ಕೇ ನಿಂತಿದ್ದರೆ ಒಬ್ಬಳ ಬಾಳು ಕೆಡಿಸಿದೆ ಎಂದು ಬರೆದು ಮುಗಿಸಬಹುದಿತ್ತು. ಇಷ್ಟಕ್ಕೇ ನಿಲ್ಲಲಿಲ್ಲ.

ನಮ್ಮ ಪಕ್ಕದ ಮನೆಯವರು ಹಸೀನಾಬಿ. ಅವರ ಮಗಳು ರೆಹಾನಾ ನಿಪ್ಪಾಣಿಗೆ ಮದುವೆಯಾಗಿ ಹೋಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕಬ್ಬು ಕಡಿಯುವ ಕಾಲ, ಪತ್ರ ಸುಟ್ಟು ಎಂಟು ತಿಂಗಳಾಗಿತ್ತು. ಒಂದು ರವಿವಾರ ಬೆಳಿಗ್ಗೆ ಹನ್ನೊಂದು ಗಂಟೆ ಹೊತ್ತಿಗೆ ಹಸೀನಾಬಿ ಬರಿಗಾಲಲ್ಲಿ ಓಡಿ ಬಂದರು. ದಿನ ತುಂಬಲು ಇನ್ನೂ ಮೂರು ವಾರವಿತ್ತು, ನೋವು ಜೋರಾಗಿ ಬಂದುಬಿಟ್ಟಿತ್ತು. ಗಾಡಿಗೆ ಹೇಳಿ ಕಳಿಸಿದ್ದರು, ಗಾಡಿ ಬಂದಿರಲಿಲ್ಲ.

"ಕಸ್ತೂರಿ, ಬಾರವ್ವಾ, ನೀ ಬಂದ್ರ ಸಾಕು!"

ಅವ್ವನಿಗೆ ಗಂಜಿ ಕುಡಿಸುತ್ತಿದ್ದ ವೈನಿ ಎದ್ದು ನಿಂತಳು. ಹೆಜ್ಜೆ ಎತ್ತಿದಳು. ಮತ್ತೆ ಅಲ್ಲೇ ನಿಂತಳು. ತನ್ನ ಎರಡೂ ಕೈಗಳನ್ನು ಸೀರೆಯ ಸೆರಗಿನಲ್ಲಿ ಸುತ್ತಿಕೊಂಡಳು.

"ಚಾಚಿ, ನಂಗ ಏನೂ ಬರೂದಿಲ್ರಿ. ಇಷ್ಟ ವರ್ಷ ಬರತೈತಿ ಅಂದಕೊಂಡಿದ್ದೆ, ಅಷ್ಟ. ನಾ ಕೈ ಹಚ್ಚಿದ್ರ ಕೆಡತೈತಿ. ದವಾಖಾನಿಗೆ ಒಯ್ರಿ."

"ಏನ ಮಾತಾಡ್ತಿ ನೀ? ಊರಾನ ಅರ್ಧಾ ಕೂಸು ನಿನ್ನ ಕೈಯಾಗ ಹುಟ್ಟ್ಯಾವ!"

"ಅದ ಬಾಯಾರ ಕೈಗುಣಾರಿ, ನಂದಲ್ಲ."

ಹಸೀನಾಬಿ ಅವಳ ಕಾಲು ಹಿಡಿದರು. ವೈನಿ ಕಲ್ಲಿನಂತೆ ನಿಂತು ಅಳುತ್ತಿದ್ದಳು. ನಾನು ಬಾಗಿಲ ಬಳಿ ಮಕ್ಕಳ ಉತ್ತರಪತ್ರಿಕೆಗಳನ್ನು ಹಿಡಿದುಕೊಂಡು ನಿಂತಿದ್ದೆ. ನಾನು ಹೇಳಬೇಕಾಗಿದ್ದದ್ದು ಒಂದೇ ಸಾಲು — ವೈನಿ, ಆ ಪತ್ರ ನಾನು ಸುಳ್ಳು ಓದಿದೆ, ನೀನು ಹೋಗು. ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದು ನಿಜ. ಆದರೆ ಹೇಳಿದರೆ ಹಸೀನಾಬಿಯ ಎದುರಿಗೆ ಹೇಳಬೇಕು, ಸಂಜೆಯೊಳಗೆ ಊರಿಗೆಲ್ಲ ತಿಳಿಯುತ್ತದೆ, ಚಿಕ್ಕೋಡಿಯಿಂದ ಬಂದಿದ್ದ ಹೊಸ ಸಂಬಂಧ ಮುರಿದುಹೋಗುತ್ತದೆ... ಅಷ್ಟು ಲೆಕ್ಕ ಹಾಕುವಷ್ಟು ಹೊತ್ತು ನನಗಿತ್ತು. ಅಲ್ಲಿ ರೆಹಾನಾ ಕಿರಿಚುವುದು ಕೇಳಿಸುತ್ತಲೇ ಇತ್ತು.

ಗಾಡಿ ಬಂತು. ರಾಯಬಾಗದ ದಾರಿಯಲ್ಲಿ ಕಬ್ಬಿನ ಟ್ರಾಲಿ ಮಗುಚಿ ರಸ್ತೆ ಕಟ್ಟಿತ್ತು. ಹಿಂದೆ ಮುಂದೆ ಟ್ರ್ಯಾಕ್ಟರುಗಳು. ಗಾಡಿಯಲ್ಲೇ ಹೆರಿಗೆಯಾಯಿತು. ಗಂಡು ಕೂಸು. ಅಳಲಿಲ್ಲ. ಜೊತೆಗಿದ್ದವರಿಗೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಬಾಯಿಯಲ್ಲಿಯ ಲೋಳೆ ತೆಗೆದು, ಬೆನ್ನು ತಿಕ್ಕಿ, ಉಸಿರು ಊದಿ — ಇದೆಲ್ಲ ವೈನಿ ಎಷ್ಟು ಸಲ ಮಾಡಿದ್ದಳೋ. ಅವಳು ಹೋಗಿದ್ದರೆ ಕೂಸು ಉಳಿಯುತ್ತಿತ್ತೇ? ನನಗೆ ಗೊತ್ತಿಲ್ಲ. ಯಾರಿಗೂ ಗೊತ್ತಾಗದ ಹಾಗೆ ಮಾಡಿದವಳು ನಾನು.

ಸಂಜೆ ವೈನಿ ಹಿತ್ತಲಿನಲ್ಲಿ ಗೋಡೆಗೆ ಒರಗಿ ಕುಳಿತಿದ್ದಳು. ನಾನು ಹತ್ತಿರ ಹೋದೆ.

"ನಾ ಹೋಗಿದ್ರ ತಾಯಿನೂ ಉಳೀತಿರಲಿಲ್ಲ ಅನ್ನಸ್ತೈತಿ ಸರೂ. ಬಾಯಾರು ಬರದದ್ದ ಖರೆ ಐತಿ. ಅಲ್ಲ?"

ಅವಳು ಅದನ್ನು ಹಿಡಿದುಕೊಂಡು ಬದುಕಲು ನೋಡುತ್ತಿದ್ದಳು. ನನ್ನ ಸುಳ್ಳನ್ನೇ ಆಸರೆ ಮಾಡಿಕೊಂಡು. ನಾನು ಅವಳ ತಲೆಯ ಮೇಲೆ ಕೈಯಿಟ್ಟು ಹೇಳಿದೆ: "ಹೌದು ವೈನಿ. ನೀ ಹೋಗಲಿಲ್ಲ, ಛಲೋ ಆತು."

ಅದಾದ ಮೇಲೆ ಊರು ಅವಳಿಗೆ ಎದುರಾಯಿತು. ಹಸೀನಾಬಿ ಮಾತು ಬಿಟ್ಟರು. ಕೊಬ್ಬು ಬಂದೈತಿ ಇಕಿಗೆ ಎಂದರು, ಜಾತಿ ನೋಡಿ ಕೈ ಹಚ್ಚಲಿಲ್ಲ ಎಂದೂ ಕೆಲವರು ಅಂದರು. ವೈನಿ ಒಂದಕ್ಕೂ ಉತ್ತರ ಕೊಡಲಿಲ್ಲ. ಬಸ್ಸಿನಲ್ಲಿ ಅವಳಿಗೆ ಈಗ ಯಾರೂ ಜಾಗ ಬಿಡುತ್ತಿರಲಿಲ್ಲ. ನಾನು ಬಯಸಿದ್ದು ಅದೇ ಆಗಿತ್ತಲ್ಲ.

ನನ್ನ ಮದುವೆಯಾಯಿತು. ಚಿಕ್ಕೋಡಿಗೆ ಬಂದೆ, ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಅವ್ವನನ್ನು ಇನ್ನೂ ಐದು ವರ್ಷ ನೋಡಿಕೊಂಡವಳು ವೈನಿ. ಅವ್ವ ಹೋದ ಮೇಲೆ ಕಾಗವಾಡದಲ್ಲಿರುವ ತನ್ನ ತಂಗಿಯ ಹತ್ತಿರ ಹೋಗಿ, ದ್ರಾಕ್ಷಿ ಒಣಗಿಸುವ ಶೆಡ್ಡುಗಳಲ್ಲಿ ಕೆಲಸಕ್ಕೆ ಸೇರಿದಳು. ಹಬ್ಬಕ್ಕೊಮ್ಮೆ ಬಂದರೆ ನನ್ನ ಮಗಳಿಗೆ ಒಣದ್ರಾಕ್ಷಿ ತರುತ್ತಿದ್ದಳು. "ನಿನ್ನ ಅವ್ವನಂಗ ಇಂಗ್ಲೀಷ್ ಕಲಿ" ಎನ್ನುತ್ತಿದ್ದಳು.

ಪ್ರತಿ ವರ್ಷ ಒಂಬತ್ತನೆಯ ತರಗತಿಗೆ ನಾನು ಈ ಪಾಠ ಮಾಡುತ್ತೇನೆ. ಪದದ ಮುಂದೆ ಅನ್ ಬಂದರೆ, ಇನ್ ಬಂದರೆ. ಹಲಗೆಯ ಮೇಲೆ ಉದ್ದುದ್ದ ಪದಗಳನ್ನು ಬರೆಯುತ್ತೇನೆ. ಆ ಏಳನ್ನು ಮಾತ್ರ ಇಪ್ಪತ್ತು ವರ್ಷ ಬರೆಯಲಿಲ್ಲ. ನನ್ನ ಪ್ರಾಯಶ್ಚಿತ್ತ ಎಂದರೆ ಅಷ್ಟೇ ಇತ್ತು. ಕೇಳಿದವರು ನಗಬೇಕು.

ಹೋದ ಮಳೆಗಾಲದಲ್ಲಿ ಪುಣೆಯಿಂದ ಒಂದು ಫೋನ್ ಬಂತು. ಡಾಕ್ಟರಬಾಯಿಯ ತಂಗಿಯ ಮಗಳು. ಅಲಖನೂರಿನಲ್ಲಿ ವಿಚಾರಿಸಿ ನನ್ನ ನಂಬರು ಪಡೆದಿದ್ದರು. ಮರಾಠಿಯಲ್ಲಿ ಮಾತಾಡಿದರು. ದೊಡ್ಡಮ್ಮ ತೀರಿಕೊಂಡರು, ತೊಂಬತ್ತರ ಹತ್ತಿರ ವಯಸ್ಸು, ಕಣ್ಣು ಪೂರ್ತಿ ಹೋಗಿತ್ತು ಎಂದರು. ಕೊನೆಯ ತಿಂಗಳುಗಳಲ್ಲಿ ಅವರು ಕೇಳುತ್ತಿದ್ದದ್ದು ಕಸ್ತೂರಿಯನ್ನು ಮಾತ್ರವಂತೆ. "ಅವಳು ಮಿರಜಕ್ಕೂ ಹೋಗಲಿಲ್ಲ, ನನ್ನನ್ನೂ ನೋಡಲು ಬರಲಿಲ್ಲ. ಪತ್ರದಲ್ಲಿ ನಾನು ಏನಾದರೂ ಅವಳ ಮನಸ್ಸು ನೋಯುವ ಹಾಗೆ ಬರೆದೆನೇ?" ಎಂದು. ಬರೆದದ್ದು ನೆನಪಿಗೆ ಬಾರದೆ ಒದ್ದಾಡುತ್ತಿದ್ದರಂತೆ. "ನಿಮಗೇನಾದರೂ ಗೊತ್ತೇ?" ಎಂದು ಆಕೆ ಕೇಳಿದರು.

ಗೊತ್ತಿಲ್ಲ ಎಂದೆ. ಹೌದು, ಆಗಲೂ. ಫೋನ್ ಇಟ್ಟ ಮೇಲೆ ಮೂರು ದಿನ ಎಂದಿನಂತೆ ಶಾಲೆಗೆ ಹೋಗಿ ಬಂದೆ. ನಾಲ್ಕನೆಯ ದಿನ ಕಾಗವಾಡದ ಬಸ್ಸು ಹತ್ತಿದೆ.

ವೈನಿ ತಂಗಿಯ ಮನೆಯ ಕಟ್ಟೆಯ ಮೇಲೆ ಮೊರದಲ್ಲಿ ಒಣದ್ರಾಕ್ಷಿ ಇಟ್ಟುಕೊಂಡು ತೊಟ್ಟು ಬಿಡಿಸುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿದೆ. ನನ್ನನ್ನು ನೋಡಿ ನಕ್ಕಳು, ಎದ್ದು ನೀರು ಕೊಡಲು ಹೋದಳು. ಬೇಡ, ಕೂತುಕೋ ಎಂದೆ. ನಿಂತೇ ಹೇಳಿದೆ. ಕುಳಿತು ಹೇಳುವ ಧೈರ್ಯ ಇರಲಿಲ್ಲ.

ಅವಳ ಬೆರಳುಗಳು ನಿಲ್ಲಲಿಲ್ಲ. ತೊಟ್ಟು ಬಿಡಿಸುತ್ತಲೇ ಇದ್ದವು.

"ಏಳು ಇದ್ದೂವಲ್ಲ" ಎಂದಳು. "ಒಂದೊಂದ ಹೇಳ. ಖರೆ ಅರ್ಥ."

ಹೇಳಿದೆ. ಬೆಲೆ ಕಟ್ಟಲಾಗದವಳು. ಅವಳನ್ನು ಬಿಟ್ಟರೆ ಕೆಲಸ ನಡೆಯದಂಥವಳು. ದಣಿವು ಅರಿಯದವಳು. ತನಗೆಂದು ಏನೂ ಬಯಸದವಳು. ಬೆರಳು ಮಾಡಿ ತೋರಿಸಲಾಗದಷ್ಟು ಪ್ರಾಮಾಣಿಕಳು. ಅವಳ ಜಾಗಕ್ಕೆ ಇನ್ನೊಬ್ಬಳು ಬರಲಾರಳು. ಹಿಂದೆಮುಂದೆ ನೋಡದೆ ಕಳಿಸುತ್ತಿದ್ದೇನೆ.

ಐದನೆಯದರ ಹತ್ತಿರ ಅವಳು ಕೈಯೆತ್ತಿ ನಿಲ್ಲಿಸಿ, ಮತ್ತೊಮ್ಮೆ ಹೇಳಿಸಿದಳು. "ಕಳ್ಳಿ ಅಂತ ಬರದಿರಲಿಲ್ಲ?"

"ಇಲ್ಲ ವೈನಿ."

"ಇಪ್ಪತ್ತ ವರ್ಷ, ಯಾರ ಮನಿಗೆ ಹೋದ್ರೂ ಕೈ ಮಡಚಿಕೊಂಡ ಕುಂತೇನಿ ನಾ. ಏನರೆ ಕಳದ್ರ ನನ್ನ ಮ್ಯಾಲ ಬರತೈತಿ ಅಂತ." ಇಷ್ಟನ್ನು ಸಿಟ್ಟಿಲ್ಲದೆ ಹೇಳಿದಳು. ಆಮೇಲೆ ಕೇಳಿದಳು, "ಬಾಯಾರು?"

"ತೀರಿಕೊಂಡ್ರು. ನಿನ್ನನ್ನಽ ಕೇಳತಿದ್ರಂತ."

ಮೊರವನ್ನು ಪಕ್ಕಕ್ಕೆ ಇಟ್ಟಳು. ನಾನು ಅವಳ ಕಾಲಿಗೆ ಬಗ್ಗಿದೆ. ಕಾಲು ಹಿಂದಕ್ಕೆ ಎಳೆದುಕೊಂಡಳು.

"ನನ್ನ ಕಾಲ ಮುಟ್ಟಿ ಏನ ಮಾಡ್ತಿ? ರೆಹಾನಾಗ ಹೇಳೀಯೇನ?"

"ಇಲ್ಲ."

"ಮೊದಲ ಅಲ್ಲಿಗೆ ಹೋಗಬೇಕಿತ್ತ ನೀ." ಎದ್ದು ಒಳಗೆ ಹೋಗುತ್ತ, ತಿರುಗದೆ ಹೇಳಿದಳು: "ಇನ್ನ ಮ್ಯಾಲ ನನ್ನ ವೈನಿ ಅನಬ್ಯಾಡ, ಸರೋಜಾ."

ಅವಳ 'ಸರೂ' ಅಲ್ಲಿಗೆ ಮುಗಿಯಿತು.

ನಿಪ್ಪಾಣಿಗೆ ಹೋಗಲು ನನಗೆ ಮತ್ತೆ ಹನ್ನೊಂದು ದಿನ ಬೇಕಾದವು. ರೆಹಾನಾಗೆ ಈಗ ನಲವತ್ತು ದಾಟಿದೆ. ಬೆಳೆದ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಬಾಗಿಲಲ್ಲಿ ನನ್ನನ್ನು ಕಂಡು, "ಸರೋಜಕ್ಕಾ! ಬರ್ರಿ, ಬರ್ರಿ" ಎಂದು ಸಂತೋಷಪಟ್ಟಳು. ಚಾಪೆ ಹಾಸಿದಳು. ಮಕ್ಕಳನ್ನು ಕರೆದು, ನಮ್ಮೂರಿನ ಟೀಚರ್ ಎಂದು ತೋರಿಸಿದಳು. ಅವರು ಒಳಗೆ ಹೋದ ಮೇಲೆ ನಾನು ಹೇಳಿದೆ. ಪತ್ರದಿಂದ ಹಿಡಿದು, ಆ ದಿನ ಬಾಗಿಲ ಬಳಿ ಉತ್ತರಪತ್ರಿಕೆ ಹಿಡಿದು ಸುಮ್ಮನೆ ನಿಂತದ್ದರವರೆಗೆ. ಒಂದನ್ನೂ ಬಿಡಲಿಲ್ಲ.

ಅವಳು ಅಳುತ್ತಾಳೆ ಎಂದುಕೊಂಡಿದ್ದೆ, ಹೊಡೆದಾಳು ಎಂದುಕೊಂಡಿದ್ದೆ. ಅವಳು ನನ್ನನ್ನು ನೋಡುತ್ತಿದ್ದಳು. ನನ್ನ ಮುಖದಲ್ಲಿ ಏನನ್ನೋ ಹುಡುಕುವ ಹಾಗೆ, ಅದು ಸಿಗದ ಹಾಗೆ.

"ದಿನಾ ನಮಾಜಿನ್ಯಾಗ ಕಸ್ತೂರಕ್ಕನ್ನ ಶಪಿಸೇನ್ರಿ ನಾ" ಎಂದಳು. "ಇಪ್ಪತ್ತ ವರ್ಷ. ಅಕಿ ಕೈ ಬಿದ್ದಹೋಗಲಿ ಅಂತ, ಅಕಿ ಒಂಟಿಯಾಗಿ ಸಾಯಲಿ ಅಂತ. ಈಗ ಅದನ್ನ ಹೆಂಗ ಹಿಂದಕ್ಕ ತಗೊಳ್ಳಿ, ಹೇಳ್ರಿ?"

ಅವಳೇ ಎದ್ದು ಬಾಗಿಲು ತೆರೆದಳು. ಹೊರಗೆ ಬಂದು ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ಕೇಳಿದಳು, ಕಾಗವಾಡದಲ್ಲಿ ಕಸ್ತೂರಕ್ಕನ ಮನೆ ಎಲ್ಲಿ ಎಂದು. ಹೇಳಿದೆ. ಬಾಗಿಲು ಹಾಕಿಕೊಂಡಳು.

ಪುಣೆಗೂ ಫೋನ್ ಮಾಡಿ ಹೇಳಿದೆ. ಆಕೆ ಪೂರ್ತಿ ಕೇಳಿಸಿಕೊಂಡು, ಫೋನ್ ಇಟ್ಟರು. ನನ್ನ ಗಂಡನಿಗೂ, ಮಗಳಿಗೂ ಹೇಳಿದ್ದೇನೆ. ಮಗಳು ಆ ರಾತ್ರಿ ನನ್ನ ಜೊತೆ ಊಟಕ್ಕೆ ಕೂರಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ. ಅಲಖನೂರಿನಲ್ಲಿ ಕಸ್ತೂರಿಯ ಬಗ್ಗೆ ಇನ್ನೂ ಕೆಟ್ಟದಾಗಿ ಮಾತಾಡುವವರು ಇದ್ದಾರೆ, ಅವರು ಓದಲಿ.

ರೆಹಾನಾ ಮರುದಿನವೇ ದೊಡ್ಡ ಮಗಳನ್ನು ಕರೆದುಕೊಂಡು ಕಾಗವಾಡಕ್ಕೆ ಹೋದಳಂತೆ. ಸಂಜೆಯ ಬಸ್ಸಿಗೆ ಹಿಂದಿರುಗಲಿಲ್ಲ, ಎರಡು ದಿನ ಅಲ್ಲೇ ಉಳಿದಳಂತೆ. ಇದನ್ನು ನನಗೆ ಹೇಳಿದವರು ಬೇರೆಯವರು. ಆ ಇಬ್ಬರು ಏನು ಮಾತಾಡಿಕೊಂಡರು, ಅತ್ತರೋ ಇಲ್ಲವೋ, ನನ್ನ ಹೆಸರು ಬಂತೋ ಇಲ್ಲವೋ — ನಾನು ಕೇಳಿಲ್ಲ. ಕೇಳುವುದೂ ಇಲ್ಲ.